ಶಾಲು, ಸ್ಮರಣಿಕೆ ಮತ್ತು ಚಂದ್ರನ ಟೇಪು

ಸಮಾರಂಭದ ಸಮಿತಿಗಳ ಸ್ವಭಾವ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಸೇರಿದ ಕೂಡಲೇ ಬರುವ ಮೊದಲ ಪ್ರಶ್ನೆ, ಮುಖ್ಯ ಅತಿಥಿ ಯಾರು. ಎರಡನೆಯದು, ಊಟಕ್ಕೆ ಏನು. ಮೂರನೆಯದು, ದನಿ ಸ್ವಲ್ಪ ತಗ್ಗಿಸಿ, ದುಡ್ಡು ಯಾರದು. ಬಾಹ್ಯಾಕಾಶದ ಇತಿಹಾಸಕ್ಕೆಂದೇ ಇರುವ ಮ್ಯೂಸಿಯಂಗಳೂ ಇದಕ್ಕೆ ಹೊರತೇನಲ್ಲ. ಯಾವುದೋ ಉಡಾವಣೆಗೆ ಐವತ್ತು ವರ್ಷ ತುಂಬುತ್ತದೆ, ಯಾವುದೋ ಠಾಣೆಗೆ ಅರವತ್ತು. ಬಿಡುವಿರುವ ಒಂದಷ್ಟು ಜನ, ನಿವೃತ್ತ ಎಂಜಿನಿಯರು, ಪ್ರೌಢಶಾಲೆಯ ವಿಜ್ಞಾನ ಮೇಡಂ, ರಾಕೆಟ್ಟಿನ ಹುಚ್ಚು ಹಿಡಿಸಿಕೊಂಡ ಕಾಲೇಜು ಹುಡುಗ, ಸಂಬಳವಿಲ್ಲದೆ ಕೆಲಸ ಮಾಡಲು ಮುಂದೆ ಬರುತ್ತಾರೆ. ಹಾಗೆ ಮುಂದೆ ಬಂದವರು ಮಾಡಬೇಕಾದ್ದೇನು ಎಂಬ ಬಗ್ಗೆ ನನಗೊಂದು ಹಟದ ಅಭಿಪ್ರಾಯವಿದೆ. ವೇದಿಕೆ ಏಳುವ ದಿನಕ್ಕಿಂತ ಅದರ ಹಿಂದಿನ ಎಂಟು ಹತ್ತು ತಿಂಗಳು ದೊಡ್ಡದು. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ದಿನಾಂಕವನ್ನು ಒಂದು ಗಡುವು ಎಂದುಕೊಳ್ಳಬೇಕು. ಆ ಗಡುವಿನೊಳಗೆ, ಅಂದಿನ ಕೆಲಸದಲ್ಲಿ ಕೈಯಾಡಿಸಿದ್ದ ಸಾಧಾರಣ ನೌಕರರನ್ನು ಹುಡುಕಿ, ಅವರ ಪೆಟ್ಟಿಗೆಯಲ್ಲಿರುವ ಫೋಟೋ, ಕಾಗದ, ಟೇಪು, ತಲೆಯಲ್ಲಿರುವ ನೆನಪು ಎಲ್ಲವನ್ನೂ ದಾಖಲೆಗೆ ತರುವುದು ಸ್ವಯಂಸೇವಕನ ಮೊದಲ ಕೆಲಸ. ಹಾರ ತರುವುದಕ್ಕೆ ಯಾರಾದರೂ ಸಿಕ್ಕೇ ಸಿಗುತ್ತಾರೆ.

ಇದಕ್ಕೆ ಪುರಾವೆ ಬೇಕಿದ್ದರೆ ಆಸ್ಟ್ರೇಲಿಯಾವನ್ನು ನೋಡಬಹುದು. ಕ್ಯಾನ್‌ಬೆರಾದ ದಕ್ಷಿಣಕ್ಕೆ, ಈಗ ರಾಷ್ಟ್ರೀಯ ಉದ್ಯಾನವಾಗಿರುವ ಗುಡ್ಡಗಾಡಿನಲ್ಲಿ, ಹನಿಸಕಲ್ ಕ್ರೀಕ್ ಎಂಬ ಜಾಗವಿದೆ. ಅಪೋಲೊ ನೌಕೆಗಳೊಡನೆ ಸಂಪರ್ಕವಿಟ್ಟುಕೊಳ್ಳಲೆಂದು 1967ರಲ್ಲಿ ಅಲ್ಲೊಂದು ಠಾಣೆ ಶುರುವಾಯಿತು. 26 ಮೀಟರ್ ಅಗಲದ ಆಂಟೆನಾ, ಪಕ್ಕದಲ್ಲೊಂದು ತಗ್ಗು ಕಟ್ಟಡ. 1981ರಲ್ಲಿ ಠಾಣೆ ಮುಚ್ಚಿತು. ಆಂಟೆನಾವನ್ನು ಬಿಚ್ಚಿ ಟಿಡ್‌ಬಿನ್‌ಬಿಲ್ಲಾಕ್ಕೆ ಸಾಗಿಸಿದರು. ಇಂದು ಅಲ್ಲಿರುವುದು ಕಾಂಕ್ರೀಟಿನ ಅಡಿಪಾಯ ಮತ್ತು ವಿವರ ಬರೆದ ಕೆಲವು ಫಲಕ. ಆದರೆ ಆಸ್ಟ್ರೇಲಿಯಾದ ಗಡಿಯಾರದಲ್ಲಿ 1969ರ ಜುಲೈ 21ರ ಮಧ್ಯಾಹ್ನ, ನೀಲ್ ಆರ್ಮ್‌ಸ್ಟ್ರಾಂಗ್ ಏಣಿಯಿಳಿದು ಚಂದ್ರನ ಮೇಲೆ ಕಾಲಿಟ್ಟದ್ದನ್ನು ಜಗತ್ತು ನೋಡಿದ್ದು ಈ ಠಾಣೆಯ ಮೂಲಕ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಠಾಣೆಯಿಂದ ಬರುತ್ತಿದ್ದ ಚಿತ್ರ ಮೊದಲು ತಲೆಕೆಳಗಾಗಿತ್ತು, ನೆಟ್ಟಗಾದ ಮೇಲೂ ಕಪ್ಪು ತೀರ ಕಪ್ಪಾಗಿ ಬಿಳುಪು ತೀರ ಬಿಳುಪಾಗಿ ಏನೊಂದೂ ಸ್ಪಷ್ಟವಾಗಿರಲಿಲ್ಲ. ಹೂಸ್ಟನ್ನಿನ ನಿಯಂತ್ರಣ ಕೋಣೆಯವರು ಹನಿಸಕಲ್ ಕ್ರೀಕ್‌ನ ಚಿತ್ರಕ್ಕೆ ಬದಲಾಯಿಸಿಕೊಂಡರು. ಒಂಬತ್ತನೆಯ ನಿಮಿಷದ ಸುಮಾರಿಗೆ ಆಸ್ಟ್ರೇಲಿಯಾದ್ದೇ ಆದ ಪಾರ್ಕ್ಸ್‌ನ 64 ಮೀಟರ್ ರೇಡಿಯೋ ದೂರದರ್ಶಕದ ಚಿತ್ರ ಇನ್ನೂ ಚೆನ್ನಾಗಿದೆಯೆಂದು ಕಂಡಿತು; ಎರಡೂವರೆ ಗಂಟೆಯ ಪ್ರಸಾರದಲ್ಲಿ ಉಳಿದದ್ದೆಲ್ಲ ಅಲ್ಲಿಂದಲೇ ಹೋಯಿತು. ಇಷ್ಟು ಸರಳ ಸಂಗತಿ. ಆದರೂ ಮೊದಲ ಹೆಜ್ಜೆಯ ಚಿತ್ರ ಪಾರ್ಕ್ಸ್‌ನಿಂದ ಬಂತು ಎಂಬ ನಂಬಿಕೆ ದಶಕಗಳ ಕಾಲ ಬೆಳೆಯಿತು. ಪಾರ್ಕ್ಸ್‌ನ ದೂರದರ್ಶಕ ನೋಡಲು ಭವ್ಯ, ಈಗಲೂ ನಿಂತಿದೆ, ಕುರಿ ಮೇಯುವ ಬಯಲಿನ ನಡುವೆ ಫೋಟೋಕ್ಕೆ ಹೇಳಿಮಾಡಿಸಿದಂತಿದೆ. 2000ದಲ್ಲಿ ಬಂದ ‘ದಿ ಡಿಶ್’ ಸಿನಿಮಾ ಆ ನಂಬಿಕೆಗೆ ಗಾರೆ ಮಾಡಿತು. ಬಹಳ ಚೆಂದದ ಸಿನಿಮಾ ಅದು. ಕರೆಂಟು ಹೋಗಿ ನೌಕೆಯ ಸಂಪರ್ಕವೇ ತಪ್ಪಿಹೋಗುವ ಅದರ ಪ್ರಸಂಗ ಮಾತ್ರ ಕತೆಗಾರರ ಕಲ್ಪನೆ. ಹನಿಸಕಲ್ ಕ್ರೀಕ್‌ನವರ ಪಾಲಿಗೆ ಹೇಳಿಕೊಳ್ಳಲು ಕಟ್ಟಡವೂ ಉಳಿದಿರಲಿಲ್ಲ, ಸಿನಿಮಾವೂ ಇರಲಿಲ್ಲ.

ನಿಜವನ್ನು ಮತ್ತೆ ಮೇಲೆತ್ತಿದವರು ಯಾರು ಎಂಬುದು ನನ್ನ ವಾದಕ್ಕೆ ಮುಖ್ಯ. ಠಾಣೆಯ ಹಳೆಯ ಕೆಲಸಗಾರರು ತಮ್ಮ ಫೋಟೋ, ದಿನಚರಿ, ಧ್ವನಿಮುದ್ರಿಕೆಗಳನ್ನು ಒಟ್ಟು ಮಾಡಿದರು. ಹಮೀಶ್ ಲಿಂಡ್ಸೆ ಅಲ್ಲಿ ತಂತ್ರಜ್ಞರಾಗಿದ್ದಾಗ ತೆಗೆದ ಫೋಟೋಗಳು ಉಳಿದವು, ಆಮೇಲೆ ಅವರು ಅಪೋಲೊ ಕಾಲದ ಬಗ್ಗೆ ಪುಸ್ತಕವನ್ನೇ ಬರೆದರು. ಪಾರ್ಕ್ಸ್‌ನಲ್ಲೇ ಕೆಲಸ ಮಾಡುತ್ತಿದ್ದ ಜಾನ್ ಸಾರ್ಕಿಸಿಯನ್ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಠಾಣೆಗಳ ನಡುವಿನ ಸಂಭಾಷಣೆಯ ಮುದ್ರಿಕೆಯನ್ನೂ ಪ್ರಸಾರದ ಚಿತ್ರವನ್ನೂ ನಿಮಿಷ ನಿಮಿಷಕ್ಕೆ ತಾಳೆ ನೋಡಿ, ಮೊದಲ ಹೆಜ್ಜೆಯ ಶ್ರೇಯಸ್ಸನ್ನು ಪಕ್ಕದ ಠಾಣೆಗೆ ಬಿಟ್ಟುಕೊಟ್ಟರು. ತಮ್ಮ ಮನೆಯ ಕೀರ್ತಿಯನ್ನು ತಾವೇ ಲೆಕ್ಕಹಾಕಿ ಕಡಿಮೆ ಮಾಡಿಕೊಳ್ಳುವ ಇಂಥ ಪ್ರಾಮಾಣಿಕತೆ ಸಂಶೋಧನೆಯಲ್ಲೂ ಅಪರೂಪ, ಸಮಾರಂಭಗಳಲ್ಲಂತೂ ಕೇಳುವುದೇ ಬೇಡ.

ಇನ್ನು ಟೇಪಿನ ಕತೆ. ಚಂದ್ರನ ಮೇಲಿನ ಕ್ಯಾಮೆರಾ ಕಳಿಸುತ್ತಿದ್ದದ್ದು ಸೆಕೆಂಡಿಗೆ ಹತ್ತೇ ಚೌಕಟ್ಟು, ಒಂದೊಂದರಲ್ಲಿ 320 ಗೆರೆ. ಅಮೆರಿಕದ ಮನೆಯ ಟಿವಿಗೆ ಬೇಕಾದ್ದು ಸೆಕೆಂಡಿಗೆ 30 ಚೌಕಟ್ಟು, 525 ಗೆರೆ. ಹಾಗಾಗಿ ಠಾಣೆಯಲ್ಲಿ ಮೂಲಚಿತ್ರವನ್ನು ಒಂದು ಪರದೆಯ ಮೇಲೆ ಮೂಡಿಸಿ, ಅದರ ಎದುರು ಮಾಮೂಲಿ ಟಿವಿ ಕ್ಯಾಮೆರಾ ನಿಲ್ಲಿಸಿ, ಅದು ಕಂಡದ್ದನ್ನು ಜಗತ್ತಿಗೆ ಕಳಿಸಿದರು. ನಾವೆಲ್ಲ ಇಂದಿಗೂ ನೋಡುವ ಮಸುಕು ದೃಶ್ಯ ಹೀಗೆ ಚಿತ್ರದ ಚಿತ್ರ. ಅಸಲು ಸಂಕೇತವನ್ನು ಠಾಣೆಗಳು ಬೇರೆಯಾಗಿ ದೊಡ್ಡ ಟೇಪುಗಳಲ್ಲಿ ದಾಖಲಿಸಿ ಅಮೆರಿಕಕ್ಕೆ ಕಳಿಸಿದ್ದವು. ದಶಕಗಳ ಮೇಲೆ, ಆಗಿನ ಕ್ಯಾಮೆರಾದ ಹೊಣೆ ಹೊತ್ತಿದ್ದ ಸ್ಟ್ಯಾನ್ ಲೀಬಾರ್, ನಾಸಾದ ಗೊಡಾರ್ಡ್ ಕೇಂದ್ರದ ಎಂಜಿನಿಯರ್ ರಿಚರ್ಡ್ ನ್ಯಾಫ್ಜ್‌ಗರ್, ಆಸ್ಟ್ರೇಲಿಯಾದ ಹಳಬರು, ಸಾರ್ಕಿಸಿಯನ್ ಎಲ್ಲ ಸೇರಿ ಆ ಟೇಪುಗಳ ಬೆನ್ನುಹತ್ತಿದರು. 2009ರಲ್ಲಿ ಸಿಕ್ಕ ಉತ್ತರ ಹೊಟ್ಟೆ ಉರಿಸುವಂಥದ್ದು: ಟೇಪಿನ ಅಭಾವವಿದ್ದ ಕಾಲದಲ್ಲಿ ನಾಸಾ ತನ್ನ ಹಳೆಯ ಟೇಪುಗಳನ್ನು ಸಾವಿರಗಟ್ಟಲೆಯಾಗಿ ಅಳಿಸಿ ಮತ್ತೆ ಬಳಸಿತ್ತು, ಚಂದ್ರನ ಟೇಪುಗಳೂ ಅವುಗಳ ಜೊತೆಯಲ್ಲೇ ಹೋಗಿರಬೇಕು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಉಗ್ರಾಣದವನಿಗೆ ಅದು ಒಂದು ನಂಬರು ಹೊತ್ತ ಪೆಟ್ಟಿಗೆ. ಅತ್ತ ಹನಿಸಕಲ್ ಕ್ರೀಕ್‌ನಲ್ಲಿ ವಿಡಿಯೊ ಉಪಕರಣದ ಮುಂದೆ ಕೂತಿದ್ದ ಎಡ್ ಫಾನ್ ರೆನ್ವಾರ್ ಎಂಬ ತಂತ್ರಜ್ಞರು ಸ್ವಂತದ ಸೂಪರ್ 8 ಕ್ಯಾಮೆರಾವನ್ನು ಪರದೆಯ ಕಡೆ ಹಿಡಿದು ತೆಗೆದ ಮನೆ ಫಿಲ್ಮು ಉಳಿದುಕೊಂಡಿತು. ದೊಡ್ಡ ಸಂಸ್ಥೆ ಕಳೆದುಕೊಂಡಿತು, ಒಬ್ಬ ನೌಕರ ಉಳಿಸಿದ. ಹುಡುಕಿದವರು ಕೊನೆಗೆ ಟಿವಿ ಸಂಸ್ಥೆಗಳ ಉಗ್ರಾಣದಲ್ಲಿದ್ದ ಪ್ರಸಾರದ ಪ್ರತಿಗಳಲ್ಲಿ ಉತ್ತಮವಾದವನ್ನು ಆರಿಸಿ, ಶುಚಿಗೊಳಿಸಿ, 2009ರ ಜುಲೈ 16ರಂದು ಜನರ ಮುಂದಿಟ್ಟರು. ಆ ತಾರೀಖು ಸುಮ್ಮನೆ ಬಂದದ್ದಲ್ಲ. ಅಪೋಲೊ 11 ಹಾರಿದ್ದಕ್ಕೆ ಅಂದಿಗೆ ಸರಿಯಾಗಿ 40 ವರ್ಷ.

ಇದೊಂದೇ ಉದಾಹರಣೆಯಾಗಿದ್ದರೆ ಅಪವಾದವೆಂದು ತಳ್ಳಿಹಾಕಬಹುದಿತ್ತು. ಅಪೋಲೊಗಿಂತ ಮುಂಚೆ, 1966 ಮತ್ತು 67ರಲ್ಲಿ, ಇಳಿಯುವ ಜಾಗ ಗುರುತಿಸಲು ಹೋದ ಲೂನಾರ್ ಆರ್ಬಿಟರ್ ನೌಕೆಗಳ ಟೇಪುಗಳದ್ದೂ ಇದೇ ಪಾಡಾಗುವುದರಲ್ಲಿತ್ತು. ನ್ಯಾನ್ಸಿ ಇವಾನ್ಸ್ ಎಂಬ ದಾಖಲೆ ಅಧಿಕಾರಿ ಅವನ್ನು ಎಸೆಯಲು ಒಪ್ಪಲಿಲ್ಲ. ಟೇಪು ಓದುವ ಫ್ರಿಜ್ಜಿಗಿಂತ ದೊಡ್ಡ ಯಂತ್ರಗಳನ್ನೂ ಸಂಪಾದಿಸಿ ವರ್ಷಗಟ್ಟಲೆ ತಮ್ಮ ಮನೆಯ ಗ್ಯಾರೇಜಿನಲ್ಲಿಟ್ಟುಕೊಂಡರು. 2008ರಲ್ಲಿ ಒಂದು ಸಣ್ಣ ತಂಡ ಆ ಯಂತ್ರಗಳನ್ನು ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಕೇಂದ್ರದ ಆವರಣದಲ್ಲಿ, ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಹೋಟೆಲಿನ ಕಟ್ಟಡದಲ್ಲಿ ಕೂರಿಸಿ, ಮತ್ತೆ ಓಡಿಸಿತು. ಮೊದಲು ಹೊರಬಂದದ್ದು ಚಂದ್ರನ ದಿಗಂತದಾಚೆಗೆ ಭೂಮಿ ಕಾಣುವ, 1966ರ ಆಗಸ್ಟ್ 23ರ ಚಿತ್ರ. ಅದುವರೆಗೆ ಯಾರೂ ಕಾಣದಷ್ಟು ಸ್ಪಷ್ಟವಾಗಿತ್ತು. ಆಗಸ್ಟ್ 23 ಎಂದರೆ ಚಂದ್ರಯಾನ-3 ಇಳಿದ ದಿನ, ಈಗ ನಮ್ಮ ರಾಷ್ಟ್ರೀಯ ಬಾಹ್ಯಾಕಾಶ ದಿನ ಎಂಬುದು ಬರೀ ಕಾಕತಾಳೀಯ. ಭಾಷಣಕಾರರು ಇದನ್ನು ಗಮನಿಸದಿರಲಿ ಎಂದು ನನ್ನ ಪ್ರಾರ್ಥನೆ.

ವಸ್ತು ಉಳಿದರೂ ಅರ್ಥ ಕಳೆದುಹೋಗುವ ಇನ್ನೊಂದು ಬಗೆಯ ನಷ್ಟವಿದೆ. ಅದಕ್ಕೆ ನಮ್ಮ ಬೆಂಗಳೂರಿನದೇ ಸಾಕ್ಷಿ ಇದೆ. ಎತ್ತಿನ ಗಾಡಿಯ ಮೇಲೆ ಕೂತ ‘ಆ್ಯಪಲ್’ ಉಪಗ್ರಹದ ಫೋಟೋವನ್ನು ನೋಡದವರಿಲ್ಲ. ಭಾರತದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ ಅದು, 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಆ ಫೋಟೋವನ್ನು ನೋಡಿದವರು ತಮಗೆ ಬೇಕಾದ್ದನ್ನು ಓದಿಕೊಂಡರು. ಬಡದೇಶದ ದುಂದು ಎಂದರು ಕೆಲವರು. ಬಡತನದಲ್ಲೂ ಸಾಧಿಸಿದ ಛಲ ಎಂದರು ಇನ್ನು ಕೆಲವರು. ಲಾರಿಗೆ ದುಡ್ಡಿಲ್ಲದೆ ಎತ್ತಿನ ಗಾಡಿ ಕಟ್ಟಿದರು ಎಂಬ ಕಣ್ಣೀರಿನ ವ್ಯಾಖ್ಯಾನ ಈಗಲೂ ವಾಟ್ಸಾಪಿನಲ್ಲಿ ಸುತ್ತುತ್ತದೆ. ಕೆಲಸ ಮಾಡಿದವರನ್ನು ಕೇಳಿದಾಗ ತಿಳಿದದ್ದು ಬೇರೆಯೇ: ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಿತ್ತು, ಲಾರಿಯ ಲೋಹದ ಮೈ ರೇಡಿಯೋ ಅಲೆಗಳನ್ನು ಪ್ರತಿಫಲಿಸಿ ಅಳತೆ ಕೆಡಿಸುತ್ತಿತ್ತು, ಮರದ ಗಾಡಿಯಲ್ಲಿ ಆ ತೊಂದರೆಯಿಲ್ಲ. ಅದು ಎಂಜಿನಿಯರುಗಳು ಯೋಚಿಸಿ ಮಾಡಿದ ಆಯ್ಕೆ, ಅಗ್ಗವೂ ಆಗಿತ್ತು ಎನ್ನುವುದು ಮೇಲಿನ ಲಾಭ. ಮಂಗಳಯಾನ ಯಶಸ್ವಿಯಾದ 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಹಸುವನ್ನು ಹಿಡಿದ ರೈತನೊಬ್ಬ ಬಾಹ್ಯಾಕಾಶ ಶ್ರೀಮಂತರ ಕ್ಲಬ್ಬಿನ ಬಾಗಿಲು ತಟ್ಟುವ ವ್ಯಂಗ್ಯಚಿತ್ರ ಹಾಕಿ, ಓದುಗರ ಸಿಟ್ಟಿಗೆ ಗುರಿಯಾಗಿ ಕ್ಷಮೆ ಕೇಳಿತು. ಸಿಟ್ಟಾದ ನಮ್ಮಲ್ಲೇ ಎಷ್ಟು ಜನಕ್ಕೆ ಆ ಗಾಡಿಯ ನಿಜವಾದ ಕಾರಣ ಗೊತ್ತಿತ್ತೋ ಹೇಳಲಾರೆ. ಫೋಟೋದ ಕೆಳಗೆ ಸರಿಯಾದ ಎರಡು ಸಾಲು ಬರೆಯಲು ಪಕ್ಕದಲ್ಲಿ ನಿಂತಿದ್ದವರೇ ಬೇಕು. ಅವರಿರುವವರೆಗೆ ಅದು ಒಂದು ಫೋನ್ ಕರೆಯ ಕೆಲಸ. ಆಮೇಲೆ ಅದು ಸಂಶೋಧನೆ, ಅದರಾಚೆಗೆ ಬರೀ ಊಹೆ.

ಹಾಗಾದರೆ ಸಮಾರಂಭಕ್ಕೆ ಕೈಜೋಡಿಸಿದವರು ಮಾಡುವುದೇನು? ಕೆಲಸ ದೊಡ್ಡದಲ್ಲ, ಆದರೆ ಬಿಡುವಿಲ್ಲದ್ದು. ಮೊದಲು ಹೆಸರುಗಳ ಪಟ್ಟಿ. ವಿಜ್ಞಾನಿಗಳ ಹೆಸರು ಸಂಸ್ಥೆಯ ಪುಸ್ತಕದಲ್ಲೇ ಇರುತ್ತದೆ. ಬೆಸುಗೆ ಹಾಕಿದವರು, ವಯರಿಂಗ್ ಮಾಡಿದವರು, ಟೆಲಿಪ್ರಿಂಟರ್ ಮುಂದೆ ಕೂತವರು, ರಾತ್ರಿ ಪಾಳಿಗೆ ಅಡುಗೆ ಮಾಡಿದವರು, ವ್ಯಾನು ಓಡಿಸಿದವರು, ಇವರದ್ದು ಇರುವುದಿಲ್ಲ. ಒಬ್ಬರು ಸಿಕ್ಕರೆ ಅವರಿಂದ ಇನ್ನಿಬ್ಬರ ವಿಳಾಸ. ಆಮೇಲೆ ಫೋಟೋ. ಮ್ಯೂಸಿಯಂಗಳ ಅಲ್ಮೇರಾದಲ್ಲಿ ಹಿಂಬದಿಯಲ್ಲಿ ಏನೂ ಬರೆಯದ ಫೋಟೋಗಳು ರಾಶಿ ಬಿದ್ದಿರುತ್ತವೆ. ಅವುಗಳ ದೊಡ್ಡ ಪ್ರತಿ ತೆಗೆದು, ಮೇಜಿನ ಮೇಲೆ ಹರಡಿ, ಮೇಲೊಂದು ತೆಳು ಹಾಳೆ ಇಟ್ಟು, ಪೆನ್ಸಿಲ್ ಕೊಟ್ಟು ಹಳಬರನ್ನು ಕೂರಿಸಬೇಕು. ಒಟ್ಟಿಗೆ ದುಡಿದವರನ್ನು ಒಂದೇ ಮೇಜಿಗೆ ಕೂರಿಸುವುದು ಮೇಲು. ಒಬ್ಬರು ಮರೆತ ಹೆಸರು ಇನ್ನೊಬ್ಬರ ಜಗಳದಲ್ಲಿ ಹೊರಬರುತ್ತದೆ. ತಂದ ಕಾಗದಗಳನ್ನು ಅಲ್ಲೇ ಸ್ಕ್ಯಾನ್ ಮಾಡಿ ಅವತ್ತೇ ಹಿಂದಿರುಗಿಸಬೇಕು, ಇಲ್ಲದಿದ್ದರೆ ಮುಂದಿನ ಸಲ ಯಾರೂ ತರುವುದಿಲ್ಲ. ಮೆಟ್ಟಿಲಿಲ್ಲದ ದಾರಿ, ಹತ್ತಿರದಲ್ಲಿ ಶೌಚಾಲಯ, ಬೆನ್ನು ಆನಿಸುವ ಕುರ್ಚಿ, ಹೊತ್ತಿಗೆ ಸರಿಯಾಗಿ ಊಟ: ಎಂಬತ್ತು ದಾಟಿದ ಸಾಕ್ಷಿ ಮಾತಾಡುವನೋ ಇಲ್ಲವೋ ಎಂಬುದನ್ನು ಇವು ತೀರ್ಮಾನಿಸುತ್ತವೆ. ಮುಖ್ಯ ಅತಿಥಿಯ ಭಾಷಣ ಐದು ನಿಮಿಷಕ್ಕೆ ನಿಲ್ಲಿಸುವ ಕಲೆ ಯಾರಿಗಾದರೂ ಒಲಿದಿದ್ದರೆ ಅವರನ್ನೇ ನಿರೂಪಕರನ್ನಾಗಿ ಮಾಡಬೇಕು.

ಊರಿನವರನ್ನೂ ಬಿಡಬಾರದು. ಪಶ್ಚಿಮ ಆಸ್ಟ್ರೇಲಿಯಾದ ಕಡಲತಡಿಯಲ್ಲಿ, ಪರ್ತ್‌ನಿಂದ ಸುಮಾರು 900 ಕಿಲೋಮೀಟರ್ ಉತ್ತರಕ್ಕೆ, ಬಾಳೆತೋಟಗಳ ನಡುವೆ ಕಾರ್ನಾರ್ವನ್ ಎಂಬ ಪುಟ್ಟ ಊರಿದೆ. ಜೆಮಿನಿ, ಅಪೋಲೊ ನೌಕೆಗಳನ್ನು ಹಿಂಬಾಲಿಸಿದ ನಾಸಾ ಠಾಣೆ ಅಲ್ಲಿತ್ತು, ಪಕ್ಕದಲ್ಲೇ ಆಸ್ಟ್ರೇಲಿಯಾದ ಸಾಗರೋತ್ತರ ಸಂಪರ್ಕ ಸಂಸ್ಥೆಯ ಉಪಗ್ರಹ ಠಾಣೆ. 1966ರ ನವೆಂಬರ್‌ನಲ್ಲಿ, ಬ್ರಿಟನ್ನಿನಿಂದ ವಲಸೆ ಬಂದು ಅಲ್ಲಿ ನೆಲೆಸಿದ್ದ ಕುಟುಂಬಗಳು ಲಂಡನ್ನಿನ ಸ್ಟುಡಿಯೋದಲ್ಲಿದ್ದ ತಮ್ಮ ಬಂಧುಗಳ ಜೊತೆ ಉಪಗ್ರಹದ ಮೂಲಕ ನೇರ ಮಾತಾಡಿದವು. ಆಸ್ಟ್ರೇಲಿಯಾದಿಂದ ಬ್ರಿಟನ್ನಿಗೆ ಹೋದ ಮೊದಲ ಉಪಗ್ರಹ ಪ್ರಸಾರ ಅದು. 1969ರಲ್ಲಿ ಆರ್ಮ್‌ಸ್ಟ್ರಾಂಗ್‌ನ ಹೆಜ್ಜೆ ಪರ್ತ್‌ನ ಟಿವಿಗಳನ್ನು ತಲುಪಿದ್ದೂ ಅಲ್ಲಿನ ಕೊಂಬಿನಾಕಾರದ ಆಂಟೆನಾ ಮೂಲಕ. ನಾಸಾ ಠಾಣೆಯ ಕಟ್ಟಡಗಳು ಹೋದವು. ಉಪಗ್ರಹ ಠಾಣೆಯ ಜಾಗದಲ್ಲಿ ಊರಿನವರ ಉತ್ಸಾಹದಿಂದ ಎದ್ದ ಬಾಹ್ಯಾಕಾಶ ಮ್ಯೂಸಿಯಂ ಅನ್ನು 2012ರಲ್ಲಿ ಬಜ್ ಆಲ್ಡ್ರಿನ್ ಬಂದು ಉದ್ಘಾಟಿಸಿದರು. ಆಲ್ಡ್ರಿನ್ ಬಂದದ್ದು ಸಂತೋಷವೇ. ಆದರೆ ಚಂದ್ರನ ಮೇಲೆ ನಡೆದವರ ಮಾತು ಲೆಕ್ಕವಿಲ್ಲದಷ್ಟು ದಾಖಲಾಗಿದೆ. ಅಂದು ಲಂಡನ್ನಿನಲ್ಲಿದ್ದ ಬಂಧುವಿನೊಡನೆ ಮಾತಾಡಿದ ವಲಸೆಗಾರನ ಮಾತು ಎಲ್ಲಿ ಸಿಗುತ್ತದೆ? ಊರ ಮ್ಯೂಸಿಯಂ ಕೇಳದಿದ್ದರೆ ಅದನ್ನು ವಾಷಿಂಗ್ಟನ್ನಿನವರು ಬಂದು ಕೇಳುವುದಿಲ್ಲ.

ಇದಕ್ಕೆಲ್ಲ ವಾರ್ಷಿಕೋತ್ಸವವೇ ಯಾಕೆ, ಐವತ್ತೆಂಬ ಅಂಕಿಯಲ್ಲಿ ಏನು ಮಹಿಮೆ ಎಂದು ಕೇಳುವವರಿದ್ದಾರೆ. ಮಹಿಮೆ ಏನೂ ಇಲ್ಲ, ನಮಗೆ ಹತ್ತು ಬೆರಳಿರುವುದೊಂದೇ ಕಾರಣ. ಆದರೆ ದುಂಡು ಅಂಕಿ ಬಂದಾಗ ಥೈಲಿ ಬಿಚ್ಚುವ ಗುಣ ಜಗತ್ತಿಗೇ ಇದೆ. ಹೂಸ್ಟನ್ನಿನಲ್ಲಿ ಅಪೋಲೊ ಹಾರಾಟಗಳನ್ನು ನಿಯಂತ್ರಿಸಿದ ಕೋಣೆಯನ್ನು 1985ರಲ್ಲೇ ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸಾರಿದ್ದರು. 1992ರವರೆಗೆ ಕೆಲಸಕ್ಕೆ ಬಳಸಿ ಆಮೇಲೆ ಅದನ್ನು ಸೊರಗಲು ಬಿಟ್ಟರು. ಜೀನ್ ಕ್ರಾಂಜ್‌ರಂಥ ಹಳೆಯ ನಿಯಂತ್ರಕರು ಪಟ್ಟುಹಿಡಿದ ಮೇಲೆ, ಪಕ್ಕದ ವೆಬ್‌ಸ್ಟರ್ ಪಟ್ಟಣ ದೊಡ್ಡ ಮೊತ್ತ ಕೊಟ್ಟ ಮೇಲೆ, 2019ರ ಜೂನ್ ಕೊನೆಗೆ, ಐವತ್ತನೆಯ ವರ್ಷದ ಹೊಸ್ತಿಲಲ್ಲಿ, ಅದು 1969ರ ರೂಪದಲ್ಲೇ ಮತ್ತೆ ತೆರೆಯಿತು. ಕನ್ಸೋಲುಗಳ ಮೇಲೆ ಯಾವ ಬಗೆಯ ಆ್ಯಶ್‌ಟ್ರೇ ಇತ್ತು, ಕಾಫಿ ಲೋಟ ಎಂಥದ್ದು ಎಂಬುದರವರೆಗೆ ವಿವರ ಸೇರಿಸಿದ್ದು ಅಲ್ಲಿ ಸಿಗರೇಟು ಸೇದುತ್ತ ಕೂತವರನ್ನೇ ಕೇಳಿ. ನಲವತ್ತೇಳನೆಯ ವರ್ಷದಲ್ಲಿ ಈ ದುಡ್ಡು ಹುಟ್ಟುತ್ತಿರಲಿಲ್ಲ, ಎಂಬತ್ತನೆಯದರಲ್ಲಿ ಕೇಳಲು ಯಾರೂ ಇರುವುದಿಲ್ಲ.

ನೆನಪನ್ನು ನಂಬುವುದು ಹೇಗೆ ಎಂಬುದು ಇನ್ನೂ ಗಟ್ಟಿ ಆಕ್ಷೇಪ. ಐವತ್ತು ವರ್ಷದ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ. ಒಂದೇ ಸಿನಿಮಾವನ್ನು ಹತ್ತು ಸಲ ನೋಡಿದವರಿಗೆ ಅದರ ದೃಶ್ಯವೇ ತಾವು ಕಂಡದ್ದೆನಿಸಬಹುದು. ಒಪ್ಪಿದೆ. ಅದಕ್ಕೇ ನೆನಪನ್ನು ತೀರ್ಪೆಂದು ತೆಗೆದುಕೊಳ್ಳದೆ, ಇನ್ನೊಂದು ದಾಖಲೆಯ ಪಕ್ಕಕ್ಕಿಟ್ಟು ನೋಡಬೇಕು. ಹನಿಸಕಲ್ ಕ್ರೀಕ್‌ನವರ ಮಾತನ್ನು ಜನ ಒಪ್ಪಿದ್ದು ಅವರು ಹೇಳಿದರೆಂದಲ್ಲ, ಹಳೆಯ ಧ್ವನಿಮುದ್ರಿಕೆಯಲ್ಲಿ ಅದೇ ಕೇಳಿಸಿತೆಂದು. ಆದರೆ ಯಾವ ಮುದ್ರಿಕೆಯನ್ನು ಹುಡುಕಬೇಕು, ಎಷ್ಟನೆಯ ನಿಮಿಷದಲ್ಲಿ ಕಿವಿಗೊಡಬೇಕು ಎಂದು ತೋರಿಸುವ ಬೆರಳು ನೆನಪಿನದೇ. ಸಂಬಳ ಪಡೆಯುವ ಪತ್ರಾಗಾರದವರು, ಇತಿಹಾಸಕಾರರು ಇರುವಾಗ ಹವ್ಯಾಸಿಗಳ ಗೋಜೇಕೆ ಎನ್ನುವವರಿಗೂ ಇಲ್ಲೇ ಅರ್ಧ ಉತ್ತರವಿದೆ. ಇನ್ನರ್ಧವೆಂದರೆ, ಸಂಗ್ರಹಿಸಿದ್ದನ್ನು ಅವರ ಕೈಗೇ ಒಪ್ಪಿಸಬೇಕು. ಉತ್ಸಾಹಿಗಳ ದೊಡ್ಡ ಚಟವೆಂದರೆ ತಮಗೆ ಸಿಕ್ಕದ್ದನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದು. ಇವಾನ್ಸ್ ಅವರ ಗ್ಯಾರೇಜು ಒಂದು ಅದೃಷ್ಟ, ಎಲ್ಲ ಗ್ಯಾರೇಜುಗಳೂ ಹಾಗಿರುವುದಿಲ್ಲ.

ನನಗೆ ನಿಜವಾಗಿ ತೊಡಕೆನಿಸುವ ಆಕ್ಷೇಪ ಮತ್ತೊಂದಿದೆ: ಕೆಲಸ ಮಾಡಿದವರನ್ನು ಮುಂದೆ ಕೂರಿಸಿದರೆ ಅವರು ತಮ್ಮ ಕೆಲಸವನ್ನು ಹೊಗಳಿಕೊಳ್ಳದೆ ಇನ್ನೇನು ಮಾಡುತ್ತಾರೆ? ಜರ್ಮನಿಯ ಬಾಲ್ಟಿಕ್ ತೀರದ ಪೀನಮುಂಡೆಯಲ್ಲಿ 1942ರ ಅಕ್ಟೋಬರ್ 3ರಂದು ವಿ-2 ರಾಕೆಟ್ ಮೊದಲ ಬಾರಿ ಸರಿಯಾಗಿ ಹಾರಿ ಬಾಹ್ಯಾಕಾಶದ ಅಂಚಿಗೆ ಹೋಯಿತು. ಐವತ್ತು ವರ್ಷ ತುಂಬಿದ 1992ರಲ್ಲಿ ಜರ್ಮನಿಯ ವೈಮಾಂತರಿಕ್ಷ ಉದ್ಯಮದವರು ಅಲ್ಲೊಂದು ಸಂಭ್ರಮಾಚರಣೆಗೆ ಹೊರಟರು. ಬ್ರಿಟನ್ನಿನಲ್ಲಿ ಕೋಲಾಹಲವೆದ್ದು ಅದನ್ನು ಕೈಬಿಡಬೇಕಾಯಿತು. ಏಳದೆ ಇನ್ನೇನು? ಲಂಡನ್, ಆಂಟ್‌ವರ್ಪ್‌ಗಳಲ್ಲಿ ಆ ರಾಕೆಟ್ ಮನೆಗಳ ಮೇಲೆ ಬಿದ್ದಿತ್ತು, ಅದನ್ನು ಜೋಡಿಸಿದ ಮಿಟ್ಟೆಲ್‌ಬಾವ್-ಡೋರಾ ಶಿಬಿರಗಳಲ್ಲಿ ಸಾವಿರಾರು ಕೈದಿಗಳು ಸತ್ತಿದ್ದರು. ಇನ್ನೊಂದು ತುದಿಯಲ್ಲಿ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂ. ಹಿರೋಷಿಮಾದ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನಿಟ್ಟು, ಬಾಂಬಿನ ಕೆಳಗಿದ್ದವರ ಪಾಡನ್ನೂ ತೋರಿಸುವ ಐವತ್ತನೆಯ ವರ್ಷದ ಪ್ರದರ್ಶನವೊಂದನ್ನು ಅದು ಸಿದ್ಧಪಡಿಸಿತ್ತು. ಯುದ್ಧದಲ್ಲಿ ಹೋರಾಡಿದವರ ಸಂಘಗಳು, ರಾಜಕಾರಣಿಗಳು ತಿರುಗಿಬಿದ್ದರು. 1995ರಲ್ಲಿ ಪ್ರದರ್ಶನ ರದ್ದಾಯಿತು, ಮೇ ತಿಂಗಳಲ್ಲಿ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಮೊದಲನೆಯ ಕಡೆ ಸಾಕ್ಷಿಗಳಲ್ಲಿ ಒಂದು ಗುಂಪನ್ನು ಮರೆತರು, ಎರಡನೆಯ ಕಡೆ ಒಂದು ಗುಂಪು ಇನ್ನೊಂದರ ಬಾಯಿ ಮುಚ್ಚಿಸಿತು. ಎರಡರಿಂದಲೂ ನಾನು ತೆಗೆದುಕೊಳ್ಳುವುದು ಇಷ್ಟು: ಸಾಕ್ಷಿಗೆ ಮಾತಾಡುವ ಹಕ್ಕಿದೆ, ಪಟ್ಟಿ ತಿದ್ದುವ ಹಕ್ಕಿಲ್ಲ. ಪಟ್ಟಿಯಲ್ಲಿ ಡೋರಾದ ಕೈದಿ ಇದ್ದಿದ್ದರೆ ಪೀನಮುಂಡೆಯಲ್ಲಿ ಸಂಭ್ರಮದ ಮಾತು ತಾನಾಗಿ ನಿಲ್ಲುತ್ತಿತ್ತು, ನೆನೆಯುವ ಕೆಲಸ ನಿಲ್ಲಬೇಕಾಗಿರಲಿಲ್ಲ. ಕೈ ಎತ್ತಿ ಬಂದ ಸ್ವಯಂಸೇವಕನಿಗೆ ಬಡ್ತಿಯ ಆಸೆಯಿಲ್ಲ, ವರ್ಗಾವಣೆಯ ಭಯವಿಲ್ಲ. ಬೇಡವಾದವರನ್ನೂ ಕರೆಯುವ ಧೈರ್ಯ ಅವನಿಗಲ್ಲದೆ ಇನ್ಯಾರಿಗಿರಬೇಕು? ಅವನೂ ಅಭಿಮಾನದಿಂದ ಕುರುಡಾಗಬಹುದು ಎನ್ನುವುದು ನಿಜ. ಆ ಅಪಾಯಕ್ಕೆ ನನ್ನಲ್ಲಿ ಪೂರ್ತಿ ಮದ್ದಿಲ್ಲ.

ನಮ್ಮಲ್ಲಿ ಯುದ್ಧದ ಕಳಂಕದ ಪ್ರಶ್ನೆ ಕಡಿಮೆ, ಯಶಸ್ಸಿನ ಮೋಹ ಹೆಚ್ಚು. ಕೇರಳದ ತುಂಬಾದಲ್ಲಿ ಮೊದಲ ರಾಕೆಟ್ಟಿನ ಕೆಲಸ ನಡೆದ ಮೇರಿ ಮ್ಯಾಗ್ಡಲೀನ್ ಚರ್ಚು ಇಂದು ಸುಂದರವಾದ ಬಾಹ್ಯಾಕಾಶ ಮ್ಯೂಸಿಯಂ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬಹುಪಾಲು ಅನನುಭವಿ ತರುಣರು ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು, ಮುಂದೆ ಎರಡು ರೂಪಾಯಿ ನೋಟಿನ ಮೇಲೂ ಬಂತು. ಐದನೆಯ ದಿನದ ಹೊತ್ತಿಗೆ ವಿದ್ಯುತ್ ಪೂರೈಕೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದದ್ದು ನೋಟಿನ ಮೇಲೆ ಬರುವ ಸಂಗತಿಯಲ್ಲ. ಆದರೆ ಆ ದಿನ ನೆಲದ ಮೇಲಿದ್ದವರು ಏನು ಊಹಿಸಿದರು, ಯಾವ ಆದೇಶ ಕಳಿಸಿ ನೋಡಿದರು, ಮುಂದಿನ ಉಪಗ್ರಹದಲ್ಲಿ ಏನು ಬದಲಾಯಿಸಿದರು ಎಂಬುದನ್ನು ಕೇಳಲು ಐವತ್ತನೆಯ ವರ್ಷ ಒಳ್ಳೆಯ ನೆಪವಾಗಿತ್ತು. ಆ ನೆಪ 2025ರಲ್ಲಿ ಬಂದು ಹೋಯಿತು. ಮುಂದಿನದು ಎತ್ತಿನ ಗಾಡಿಯದು: ಆ್ಯಪಲ್‌ಗೆ ಐವತ್ತು ತುಂಬುವುದು 2031ರ ಜೂನ್ 19ಕ್ಕೆ. ಗಾಡಿಯ ಪಕ್ಕದಲ್ಲಿ ನಿಂತಿದ್ದಾಗ ಮೂವತ್ತರ ವಯಸ್ಸಿನವರಾಗಿದ್ದವರಿಗೆ ಆ ಹೊತ್ತಿಗೆ ಎಂಬತ್ತಾಗಿರುತ್ತದೆ, ಗಾಡಿ ಹೊಡೆದವರು ಆಗಲೇ ನಡುವಯಸ್ಸಿನವರಾಗಿದ್ದರೆ ಇನ್ನೂ ಹೆಚ್ಚು. ಬೆಂಗಳೂರಿನ ಯಾವ ಮ್ಯೂಸಿಯಮ್ಮಿನಲ್ಲಾದರೂ ಇದಕ್ಕೆ ಸಮಿತಿ ಮಾಡುವ ಯೋಚನೆಯಿದ್ದರೆ, ಫೋನ್ ಕರೆಗಳನ್ನು ಈ ವರ್ಷವೇ ಶುರುಮಾಡುವುದು ಒಳ್ಳೆಯದು, ಗಾಡಿಯವರ ಮನೆಯಿಂದಲೇ.